ಓಕ್ ಬಾಯಿಯ ಕರಿಬೇವು

ಕಳೆದ ವಾರ ತರಕಾರಿಯವಳು ನನ್ನ ಚೀಲಕ್ಕೆ ಒಂದು ಹಿಡಿ ಕರಿಬೇವು ಹಾಕಿದಳು. ತೆಗೆದು ವಾಪಸ್ ಕೊಟ್ಟೆ.

“ಲೇ ಲೋ ಬಾಬಾ, ಫ್ರೀ ಹೈ!”

ಅದೇ ತೊಂದರೆ. ಪುಕ್ಕಟೆ ಕರಿಬೇವು ನನಗೆ ಆಗಿಬರುವುದಿಲ್ಲ. ಯಾಕೆಂದು ಇದುವರೆಗೆ ಯಾರಿಗೂ ಹೇಳಿಲ್ಲ (ಹೆಂಡತಿಗೂ). ಇವತ್ತು ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕ. ಮುಂಬೈಯ ಪರೇಲಿನ ಕಾಲೇಜೊಂದರಲ್ಲಿ ನಾನು ಲ್ಯಾಬ್ ಅಟೆಂಡರ್. ಮೆಟ್ರಿಕ್ ಪಾಸ್ ಎಂಬ ಗತ್ತು ಬೇರೆ. ಧಾರವಾಡ ಕಡೆಯ ನಮ್ಮ ಪ್ರೊಫೆಸರು ಹಿಮಾಲಯದಿಂದ ಒಂದು ಡಬ್ಬಿ ಹುಳು ತಂದರು. ಉಗುರಿಗಿಂತ ಚಿಕ್ಕ ಪತಂಗವೊಂದರ ಮರಿಗಳಂತೆ. ಜೊತೆಗೆ ಕತ್ತರಿಸಿದ ಸೊಪ್ಪಿನ ಪೊಟ್ಟಣ, ಅದರ ಮೇಲೆ ‘ಓಕ್’ ಎಂಬ ಚೀಟಿ.

“ನಾ ವಾರ ಬಿಟ್ಟು ಬರ್ತೀನಿ. ಓಕ್ ಎಲಿ ಬಿಟ್ರ ಬ್ಯಾರೆ ಏನೂ ತಿನ್ನಂಗಿಲ್ಲ ಇವು. ಉಪವಾಸ ಕೆಡವಬ್ಯಾಡೋ!” ಎಂದು ಹೇಳಿ ಹೋದರು.

ಮುಂಬೈ ಸೆಖೆಗೆ ಮೂರನೇ ದಿನವೇ ಸೊಪ್ಪು ಕೊಳೆಯಿತು. ಓಕ್ ಎಲೆ ಎಲ್ಲಿ ತರಲಿ? ಚಿಂತೆ ಯಾಕೆ, ಚೆಂಬೂರಿನ ನಮ್ಮ ಚಾಳಿನಲ್ಲೇ ಓಕ್ ಇದ್ದರಲ್ಲ! ಓಕ್ ಬಾಯಿ. ಮರಾಠಿ ಮುದುಕಿ, ಅಡ್ಡಹೆಸರು ಓಕ್. ಬಾಗಿಲಲ್ಲಿ ಎದೆಯೆತ್ತರದ ಕರಿಬೇವಿನ ಗಿಡ. (ಪ್ರೊಫೆಸರಿಗೆ ಈಕೆ ಹೇಗೆ ಪರಿಚಯ ಎಂದು ಕೊಂಚ ಆಶ್ಚರ್ಯವಾಯಿತು, ಅಷ್ಟೇ.)

ಕೇಳಿದರೆ ಕೊಡುವವಳಲ್ಲ. ಬೆಳಿಗ್ಗೆ ಆಕೆ ಹಾಲಿನ ಕ್ಯೂಗೆ ಹೋದಾಗ ಕಿತ್ತು, ಲೋಕಲ್ ಹಿಡಿದು ಕಾಲೇಜಿಗೆ ಒಯ್ದೆ. ಹುಳು ಮೂಸಲಿಲ್ಲ. ಎಳೆಯದು ಬೇಕೇನೋ ಎಂದು ಮರುದಿನ ಚಿಗುರು ಕಿತ್ತೆ. ನಾಲ್ಕು ದಿನದಲ್ಲಿ ಗಿಡ ಬೋಳು.

ಕಳ್ಳ ಯಾರು? ಪಕ್ಕದ ಖೋಲಿಯ ರಾಘವಣ್ಣ ಹೋಟೆಲಿನಲ್ಲಿ ಅಡುಗೆಯವರು, ಉಡುಪಿ ಕಡೆಯವರು. ಇನ್ನೇನು ಸಾಕ್ಷಿ ಬೇಕು? ನಲ್ಲಿಯ ಹತ್ತಿರ ಎಲ್ಲರೆದುರು ಓಕ್ ಬಾಯಿ ಕೂಗಿದಳು: “ಸಾಂಬಾರ್ ತುಮ್ಹಾರಾ, ಪತ್ತಾ ಮೇರಾ?”

“ಕದಿಯುವುದಾದ್ರೆ ತೆಂಗಿನಕಾಯಿ ಕದಿಯುತ್ತಿದ್ದೆ ಮಾರಾಯ್ರೆ, ಈ ಸೊಪ್ಪು ಯಾಕೆ!” ಎಂದರು ರಾಘವಣ್ಣ. ಚಾಳು ನಕ್ಕಿತು. ನಾನೂ ನಕ್ಕೆ. ಅಂದಿನಿಂದ ಅವರ ಹೆಸರು ‘ಪತ್ತಾಚೋರ್’, ಸೊಪ್ಪುಗಳ್ಳ.

ಪ್ರೊಫೆಸರು ಬಂದಾಗ ಡಬ್ಬಿಯಲ್ಲಿ ಒಂದು ಹುಳುವೂ ಮಿಸುಕುತ್ತಿರಲಿಲ್ಲ. ಓಕ್ ಬಾಯಿಯ ಗಿಡದ ಎಲೆಯನ್ನೇ ಹಾಕಿದ್ದೆ ಎಂದಷ್ಟೇ ಹೇಳಿದೆ. “ಓಕ್ ಅಂದ್ರ ಗುಡ್ಡದಾಗಿನ ಮರಾನೋ ಹುಚ್ಚಪ್ಪಾ!” ಎಂದು ತಲೆ ಹಿಡಿದುಕೊಂಡು ಕುಳಿತರು.

ಅವತ್ತೇ ಚಾಳಿಗೆ ಹೋಗಿ ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಂಡಿದ್ದರೆ ಮರಕ್ಕೂ ಮುದುಕಿಗೂ ವ್ಯತ್ಯಾಸ ತಿಳಿಯದ ಮೆಟ್ರಿಕ್ ಪಾಸ್ ಪೆದ್ದ ನಾನಾಗುತ್ತಿದ್ದೆ. ಅದಕ್ಕಿಂತ ರಾಘವಣ್ಣ ಕಳ್ಳನಾಗಿರುವುದೇ ವಾಸಿ ಅನ್ನಿಸಿತು.

ತಿಂಗಳೊಳಗೆ ಅವರು ಖೋಲಿ ಬಿಟ್ಟು ಆಂಟಾಪ್ ಹಿಲ್‌ಗೆ ಹೋದರು. ಹೊರಡುವಾಗ ನನ್ನ ಕೈ ಹಿಡಿದು, “ನೀವೊಬ್ಬರು ನನ್ನನ್ನು ಹಾಗೆ ಕರೆಯಲಿಲ್ಲ ನೋಡಿ” ಎಂದರು.

ಹುಳು ಮುಟ್ಟದ ಆ ಸೊಪ್ಪು ಏನಾಯಿತು ಅಂತೀರಾ? ಮನೆಗೆ ತಂದೆ. ಹೆಂಡತಿ ಸಾರಿಗೆ ಹಾಕಿದಳು.

ರುಚಿಯಾಗಿಯೇ ಇತ್ತು.