ನಗಲು ಒಪ್ಪದ ನೀರೋ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಎಲ್ಲ ಕೆಟ್ಟುಹೋದದ್ದು ಆಗಲೇ. ನನ್ನ ಫೋನಿನಲ್ಲಿರುವ ವಿಡಿಯೋ ಶುರುವಾಗುವುದೂ ಆ ಹೊತ್ತಿಗೆ.

ಹೋದ ವಾರ ಮಾಲೂರಿನಲ್ಲಿ ಯಾರೋ ಮುರಿದ ಚಂದ್ರಿಕೆಗಳನ್ನು ನೀರೊಲೆಗೆ ತುರುಕುತ್ತಿದ್ದರು. ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿಗಳು ಅವು. ಎಳೆ ಅಂಟಿದ ಬಿದಿರು ಉರಿದರೆ ಕೂದಲು ಸುಟ್ಟ ಹಾಗೆ ವಾಸನೆ ಬರುತ್ತದೆ. ನಾನು ರಸ್ತೆ ಬದಿಯಲ್ಲೇ ಕೂತುಬಿಟ್ಟೆ... ನಮ್ಮ ಇತಿಹಾಸದ ಮೇಷ್ಟ್ರು ನೆನಪಾದರು.

ನಿವೃತ್ತರಾದ ಮೇಲೂ ಅವರಿಗೆ ಒಂದು ಸಿಟ್ಟು ಹಾಗೇ ಉಳಿದಿತ್ತು. ತೆರೆಯ ಮೇಲೆ ರೋಮಿನ ಚಕ್ರವರ್ತಿ ಬಂದನೆಂದರೆ ದ್ರಾಕ್ಷಿ ತಿನ್ನುತ್ತಾನೆ, ಕಣ್ಣು ಹೊರಳಿಸುತ್ತಾನೆ, ಕಾರಣವಿಲ್ಲದೆ ನಗುತ್ತಾನೆ. "ಕಲಿಗುಲ ಕುದುರೆಗೆ ಪದವಿ ಕೊಟ್ಟ ಅಂತ ತೋರಿಸ್ತಾರೆ. ಕೊಡ್ತಾನಂತೆ ಅಂತ ಜನ ಆಡ್ಕೊಂಡ್ರು, ಕೊಡ್ಲಿಲ್ಲ ಕಣೋ!" ಎಂದು ಕೋಲಾರದ ಟೀ ಅಂಗಡಿಯಲ್ಲೂ ಜಗಳಕ್ಕೆ ನಿಲ್ಲುತ್ತಿದ್ದರು.

ನನ್ನ ಸಹಪಾಠಿಯೊಬ್ಬ ನೀರೋನ ಮೇಲೆ ಕಿರುಚಿತ್ರ ಮಾಡಲು ಹೊರಟ. ಮೇಷ್ಟ್ರು ತಪ್ಪು ತಿದ್ದಲು ಬಂದವರು, ಕೊನೆಗೆ ತಾವೇ ನೀರೋ ಆಗಲು ಒಪ್ಪಿದರು. ಒಂದೇ ಷರತ್ತು, ಬೆಂಕಿ ನೋಡಿ ನಗುವುದಿಲ್ಲ.

"ಹುಚ್ಚು ಇಲ್ದಿದ್ರೆ ಯಾರು ಸಾರ್ ನೋಡ್ತಾರೆ?" ಎಂದ ಅವನು.

"ರೋಮ್ ಹತ್ಕೊಂಡಾಗ ಅವನು ಊರಲ್ಲೇ ಇರ್ಲಿಲ್ಲ ಕಣೋ. ಸುದ್ದಿ ತಿಳಿದು ಬಂದ, ಮನೆ ಕಳ್ಕೊಂಡೋರಿಗೆ ತನ್ನ ತೋಟ ಬಿಟ್ಟುಕೊಟ್ಟ. ಪಿಟೀಲು ಬಾರಿಸ್ತಿದ್ನಂತೆ! ಆಗ ಪಿಟೀಲೇ ಹುಟ್ಟಿರ್ಲಿಲ್ಲ. ಒಳ್ಳೇವ್ನು ಅಂತ ನಾನಂದ್ನಾ? ತಾಯಿನ ಕೊಲ್ಸಿದೋನು. ಮಾಡಿದ್ದಕ್ಕೆ ಬೈಯಿರಿ, ಮಾಡದೇ ಇರೋದನ್ನ ಯಾಕೆ ಹೊರಿಸ್ತೀರ?"

ಹುತ್ತೂರಿನ ಅಜ್ಜಿಯೊಬ್ಬರ ಹುಳು ಮನೆಯ ಮುಂದೆ ರೋಮ್ ಎದ್ದಿತು. ಹಳೆಯ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿ, ಮೈದಾ ಅಂಟಿನಲ್ಲಿ ಕಾಗದ ಮೆತ್ತಿ, ಕಲ್ಲಿನ ಗೋಡೆಯಂತೆ ಬಣ್ಣ ಬಳಿದೆವು. ಗೂಡು ಬಿಡಿಸಿದ ಮೇಲೆ ಚಂದ್ರಿಕೆಯ ಮೇಲೆ ಬೆಂಕಿ ಆಡಿಸಿ ಉಳಿದ ಎಳೆ ಸುಡುವುದು ನಮ್ಮ ಕಡೆ ರೂಢಿ. ಬಿದಿರಿಗೆ ಏನೂ ಆಗುವುದಿಲ್ಲ. ಹುಟ್ಟಿದಾಗಿನಿಂದ ಅದನ್ನೇ ನೋಡಿದ ನಮಗೆ ಭಯವೇ ಇರಲಿಲ್ಲ. ಮೆತ್ತಿದ ಕಾಗದವನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮೂರು ಹತ್ತಕ್ಕೆ ಮೊದಲ ಚಂದ್ರಿಕೆಗೆ ಬೆಂಕಿ ಮುಟ್ಟಿಸಿದೆವು. ಗಾಳಿ ಬೀಸಿತು. ರೋಮ್ ಪೂರ್ತಿ ಭುಗಿಲೆಂದಿತು.

ಬಿಳಿ ಪಂಚೆ ಹೊದ್ದ ಮೇಷ್ಟ್ರು ಕೈ ಬೀಸಿ ಕಿರುಚತೊಡಗಿದರು. ಕಣ್ಣು ಅಗಲವಾಗಿತ್ತು, ಬಾಯಿ ತೆರೆದಿತ್ತು. ಕೊನೆಗೂ ಹುಚ್ಚನಾಗಲು ಒಪ್ಪಿದರಲ್ಲ ಎಂದು ನಾವು ಚಪ್ಪಾಳೆ ತಟ್ಟಿದೆವು. ವಿಡಿಯೋದಲ್ಲಿ ನನ್ನ ನಗು ಕೇಳುತ್ತದೆ, ನನ್ನ ಮಾತೂ ಕೇಳುತ್ತದೆ: "ಸೂಪರ್ ಸಾರ್! ಹಂಗೇ ಮಾಡಿ!"

ಅವರು ಕೂಗುತ್ತಿದ್ದದ್ದು "ಅಜ್ಜಿ ಒಳಗವ್ರೆ" ಎಂದು.

ಹುಳು ಮನೆಯೊಳಗೆ ಅಜ್ಜಿ ಹುಳುಗಳಿಗೆ ಸೊಪ್ಪು ಕತ್ತರಿಸುತ್ತ ಕೂತಿದ್ದರು. ನಾವು ನಗುತ್ತಿರುವಾಗಲೇ ಮೇಷ್ಟ್ರು ಉರಿಯುವ ಗೋಡೆ ತಳ್ಳಿ ಒಳಗೆ ನುಗ್ಗಿ ಅವರನ್ನು ಎಳೆದು ತಂದರು. ಅಜ್ಜಿಯ ಸೆರಗು ಸುಟ್ಟಿತ್ತು, ಅಷ್ಟೇ. ಮೇಷ್ಟ್ರ ಎರಡೂ ಅಂಗೈ ಬೆಂದಿದ್ದವು. "ನಮ್ಮ ಅಯ್ಯವಾರು... ನಮ್ಮ ಅಯ್ಯವಾರು..." ಎಂದು ಅಜ್ಜಿ ಅವರ ಮೊಣಕೈ ಹಿಡಿದೇ ಅಳುತ್ತಿದ್ದರು. ಹಳಬರು ಮೇಷ್ಟ್ರನ್ನು ಕರೆಯುವುದೇ ಹಾಗೆ.

ಏಳು ನಿಮಿಷದ ಆ ವಿಡಿಯೋದಿಂದ ಸಹಪಾಠಿ ಇಪ್ಪತ್ತು ಸೆಕೆಂಡು ಕತ್ತರಿಸಿಕೊಂಡ. ಪ್ರಚಾರಕ್ಕಂತೆ. ಕೊಟ್ಟವನು ನಾನೇ. ಕಿರುಚುವ ಮೇಷ್ಟ್ರು, ಹಿಂದೆ ಬೆಂಕಿ. ತಿಂಗಳೊಳಗೆ ಮುಳಬಾಗಿಲು, ಶ್ರೀನಿವಾಸಪುರದ ಫೋನುಗಳಲ್ಲೆಲ್ಲ ಅವರೇ. ಪಾತ್ರದ ಆವೇಶದಲ್ಲಿ ಮುದುಕನೇ ಬೆಂಕಿ ಇಟ್ಟನಂತೆ ಎಂಬ ಕಥೆಯೂ ಹುಟ್ಟಿತು. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು "ಏನ್ಲಾ, ನೀರೋ ಬಂದ, ಬೆಂಕಿಪೊಟ್ಟಣ ಬಚ್ಚಿಡ್ಲಾ!" ಎನ್ನುತ್ತಿದ್ದರು.

ಮೇಷ್ಟ್ರು ಒಂದು ದಿನ ಮನೆಗೆ ಕರೆಸಿಕೊಂಡರು. "ಪೂರ್ತಿ ಇದೆಯೇನೋ ನಿನ್ ಹತ್ರ?"

"ಡಿಲೀಟ್ ಆಗೋಯ್ತು ಸಾರ್," ಎಂದೆ. ಪೊಲೀಸರ ಭಯ ಎಂದು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ನಿಜವಾಗಿ, ಆ ನಗು ಯಾರಿಗೂ ಕೇಳಬಾರದಿತ್ತು. ತಿಂಗಳು ಬಿಟ್ಟು ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ಮೂರನೆಯ ಸಲ ಕೇಳಲಿಲ್ಲ... ಹೋದ ವರ್ಷ ತೀರಿಕೊಂಡರು. ಹೆಣದ ಮುಂದೆ ನಿಂತವರಲ್ಲೂ ಒಬ್ಬ ಪಕ್ಕದವನಿಗೆ ಆ ಇಪ್ಪತ್ತು ಸೆಕೆಂಡು ತೋರಿಸುತ್ತಿದ್ದ.

ಮಾಲೂರಿನ ಆ ವಾಸನೆಯ ಮರುದಿನ, ಗುರುವಾರ, ಫೋನ್ ಹಿಡಿದು ಅವರ ಮನೆಗೆ ಹೋದೆ. ಮೇಷ್ಟ್ರ ಹೆಂಡತಿ ಏಳು ನಿಮಿಷವನ್ನೂ ಕಣ್ಣು ಕೀಳದೆ ನೋಡಿದರು. ನನ್ನ ನಗು ಬಂದಾಗ ಒಮ್ಮೆ ನನ್ನ ಮುಖ ನೋಡಿದರು. ಮುಗಿದ ಮೇಲೆ ಫೋನ್ ವಾಪಸ್ ಕೊಟ್ಟರು.

"ಅವ್ರು ಇದ್ದಾಗ ತರಬಾರ್ದಿತ್ತೇನಪ್ಪ?"

ಅಲ್ಲೇ ಜಗಲಿಯಲ್ಲಿ ಕೂತು, ನನ್ನ ನಗುವನ್ನೂ ಕತ್ತರಿಸದೆ, ಪೂರ್ತಿ ವಿಡಿಯೋವನ್ನು ಎಲ್ಲರಿಗೂ ಕಾಣುವಂತೆ ಹಾಕಿದೆ. ನೋಡಿದವರು ಬೆರಳೆಣಿಕೆಯಷ್ಟು ಜನ. ಏಳು ನಿಮಿಷ ಕಾಯುವ ತಾಳ್ಮೆ ಯಾರಿಗಿದೆ? ಇಪ್ಪತ್ತು ಸೆಕೆಂಡು ಈಗಲೂ ಓಡುತ್ತಲೇ ಇದೆ.

ಬೆಂಕಿಯ ದಿನದಿಂದ ಬಿಟ್ಟುಬಿಟ್ಟು ಬರುತ್ತಿದ್ದ ನಿದ್ದೆ ಆ ಗುರುವಾರ ರಾತ್ರಿ ಬೆಳಗಾಗುವವರೆಗೂ ಬಂತು. ಎದ್ದಾಗ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು. ಇದೇ ನಿದ್ದೆಯನ್ನು ಮೇಷ್ಟ್ರಿಗೂ ಕೊಡಬಹುದಿತ್ತು. ಎರಡು ಸಲ ಕೇಳಿದ್ದರು.