ಬರದಿದ್ದವರ ಒಪ್ಪಿಗೆ

ಸೇಲಂನಲ್ಲಿ ನಾವು ಕೊಂಡ ಫ್ಲಾಟು ನೆಲಮಹಡಿಯದು. ಅದರ ಪಕ್ಕದ ಗೇಟು ತೆಗೆದರೆ ಆಟೋ ಸೀದಾ ನಮ್ಮ ಬಾಗಿಲಿಗೇ ಬರುತ್ತಿತ್ತು. ಅಮ್ಮನಿಗೆ ಕಾಲು ಸ್ವಾಧೀನವಿಲ್ಲ. ಡಯಾಲಿಸಿಸ್‌ಗೆ ಗಾಲಿಕುರ್ಚಿಯಲ್ಲೇ ಹೋಗಬೇಕು. ಕಟ್ಟಡದ ಮುಂಬಾಗಿಲಿಗಾದರೆ ಬರೀ ಮೆಟ್ಟಿಲು. ಆ ಪಕ್ಕದ ಗೇಟು ನೋಡಿಯೇ ನಾವು ಈ ಮನೆ ಕೊಂಡದ್ದು.

ಅಸೋಸಿಯೇಷನ್‌ನವರ ಕಣ್ಣು ಅದೇ ಗೇಟಿನ ಮೇಲೆ ಬೀಳಬೇಕೇ! ಪಕ್ಕದ ಬಟ್ಟೆ ಅಂಗಡಿಯವರು ಜನರೇಟರ್ ಇಡುವುದಕ್ಕೆ ಆ ದಾರಿಯನ್ನು ಮೂರು ವರ್ಷದ ಕರಾರಿಗೆ ಕೇಳಿದ್ದರು. ಅದಕ್ಕೆ ಒಂದು ಮೀಟಿಂಗ್. ನಾನು ಜಗಳಕ್ಕೆ ಸೆರಗು ಕಟ್ಟಿ ಹೊರಟರೆ ಅಮ್ಮನೇ ತಡೆದಳು.

"ಓಗ್‌ಬ್ಯಾಡ ಲೇ. ಓಗಿ ಕೂತ್ರೆ ಒಪ್ಪಿದಂಗೆ. ನಮ್ ಮನೆಯೋರು ಇಲ್ದೆ ಎಂಗೆ ಮಾತು ಮುಗಿಸ್ತಾರೆ?"

ಅಮ್ಮ ಪೆನ್ನಾಗರಂ ಕಡೆಯ ಕುರಿ ಸಾಕುವ ಮನೆಯವಳು. ಅವರ ಊರಿನಲ್ಲಿ ಮೇವಿನ ಜಾಗದ ಮಾತು ಬಂದಾಗ ಮನೆಗೊಬ್ಬರು ಬಂದು ಕೂರಬೇಕು. ಒಂದು ಮನೆ ಬರಲಿಲ್ಲವೆಂದರೆ ಅದಕ್ಕೆ ಸಮ್ಮತವಿಲ್ಲ ಎಂದೇ ಅರ್ಥ. ಹಿರಿಯರು ಆ ಮನೆಯ ಅಂಗಳಕ್ಕೆ ಹೋಗಿ, ನೀರು ಕುಡಿದು, ಕೋಪ ಇಳಿಸಿ ಕರೆತರುತ್ತಾರೆ. ಅಲ್ಲಿಯವರೆಗೆ ಯಾವ ತೀರ್ಮಾನವೂ ಇಲ್ಲ. ನಾನೂ ಅದನ್ನು ನೋಡುತ್ತಲೇ ಬೆಳೆದವಳು. ಹೋಗದೆ ಸುಮ್ಮನಾದೆ. ಸಂಜೆಯೆಲ್ಲ ಅಮ್ಮ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದಳು. ಕರೆಯಲು ಯಾರೂ ಬರಲಿಲ್ಲ.

ಮರುವಾರ ಗೇಟಿಗೆ ಬೀಗ ಬಿತ್ತು. ದಾರಿ ತುಂಬ ಜನರೇಟರ್. ಡಯಾಲಿಸಿಸ್‌ಗೂ ಅಮ್ಮನನ್ನು ಮೆಟ್ಟಿಲಿನಲ್ಲಿ ಹೊತ್ತುಕೊಂಡೇ ಹೋಗಬೇಕಾಯಿತು.

ಸೆಕ್ರೆಟರಿಯ ಹತ್ತಿರ ಹೋಗಿ ಕೂಗಾಡಿದೆ. ಆತ ಸಮಾಧಾನವಾಗಿಯೇ ತಮಿಳಿನಲ್ಲಿ ಹೇಳಿದ: ಬೈಲಾ ಪ್ರಕಾರ ಕೋರಂಗೆ ಬೇಕಾದಷ್ಟು ಜನ ಇದ್ದರೆ ಸಾಕು, ಬಂದವರಲ್ಲಿ ಹೆಚ್ಚು ಜನ ಒಪ್ಪಿದ್ದು ಬರದವರಿಗೂ ಅನ್ವಯ, ಮನೆ ಕೊಂಡಾಗ ನೀವೂ ಆ ಬೈಲಾಗೆ ಸಹಿ ಹಾಕಿದ್ದೀರಿ. ವಕೀಲರನ್ನು ಕೇಳಿದೆ. ಎಲ್ಲರ ಪಾಲಿನ ದಾರಿಯನ್ನು ಹೀಗೆ ಹೊರಗಿನವರಿಗೆ ಕೊಟ್ಟದ್ದು ಸರಿಯೇ ಎಂದು ಕೇಸು ಹಾಕಬಹುದಂತೆ; ತೀರ್ಪು ಬರುವಷ್ಟರಲ್ಲಿ ಕರಾರೇ ಮುಗಿದಿರುತ್ತದಂತೆ. ಅಮ್ಮನಿಗೆ ಅಷ್ಟು ಕಾಲ ಉಂಟೋ ಇಲ್ಲವೋ!

ಅಮ್ಮ ಮಾತ್ರ ಸೋಲಲಿಲ್ಲ. "ಬರ್ಲಿಲ್ಲ ಅಂತ ತಾನೆ ಅಂಗ್ ಮಾಡಿದ್ದು? ಈ ಸಲ ನಾನೇ ಬತ್ತೀನಿ, ಕರ್ಕೊಂಡ್ ಓಗು. ಎದ್ರಿಗೇ ಬ್ಯಾಡ ಅಂದ್ರೆ ಎಂಗ್ ಮಾಡ್ತಾರೆ?"

ಮುಂದಿನ ಮೀಟಿಂಗ್ ಕಟ್ಟಡದ ಮುಂದಿನ ಪಾರ್ಕಿಂಗ್ ಶೆಡ್‌ನಲ್ಲಿತ್ತು. ಮೇಲಿನ ಮನೆಗಳ ಗಂಡಸರು ನಾಲ್ವರು ಕುರ್ಚಿ ಸಮೇತ ಅವಳನ್ನು ಮೆಟ್ಟಿಲಿಳಿಸಿದರು. ಪಾಪ, ಎಷ್ಟು ಜೋಪಾನವಾಗಿ ಇಳಿಸಿದರೆಂದರೆ ಬೈಯಲೂ ಬಾಯಿ ಬರಲಿಲ್ಲ. ಅಮ್ಮ ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೈಮುಗಿದಳು. ಆಮೇಲೆ ಗಟ್ಟಿಯಾಗಿ, ಎಲ್ಲರಿಗೂ ತಿಳಿಯಲೆಂದು ತಮಿಳಿನಲ್ಲೇ, "ವೇಂಡಾಂ" ಅಂದಳು. ಬೇಡ.

"ನಿಮ್ಮ ಆಕ್ಷೇಪ ಬರೆದುಕೊಂಡೆವು, ಪಾಟ್ಟಿ," ಅಂದ ಸೆಕ್ರೆಟರಿ, ಅಜ್ಜಿಗೆ ಕೊಡುವ ಮರ್ಯಾದೆಯಲ್ಲೇ. ಆಮೇಲೆ ನೀರಿನ ಟ್ಯಾಂಕಿನ ವಿಷಯಕ್ಕೆ ಹೋದ.

ಅಮ್ಮ ಸ್ವಲ್ಪ ಹೊತ್ತು ಕಾದಳು. ಆಮೇಲೆ ನನ್ನ ಕೈ ಎಳೆದಳು. "ಬ್ಯಾಡ ಅಂದ್ನಲ್ಲ ಲೇ. ಗೇಟ್ ತೆಗಿಯಕ್ಕೆ ಯಾಕೆ ಯಾರೂ ಎದ್ದೋಗ್ತಿಲ್ಲ?"

ಅವಳನ್ನು ಮನೆಗೆ ಕರೆದೊಯ್ಯಬೇಕಿತ್ತು. ಮೆಟ್ಟಿಲು ಹತ್ತಿಸಿ ಎಂದು ಇಳಿಸಿದವರನ್ನೇ ಕೇಳಿಕೊಂಡೆ. ನಾಲ್ವರೂ ಕೂಡಲೇ ಎದ್ದು ಬಂದರು.