ಅಂಗಿಯ ಮೂಲೆಗೊಂದು ಅರಿಶಿನದ ಬೊಟ್ಟು

ಫೋನು 'ಟಿಂಗ್' ಎನ್ನುವುದಕ್ಕೂ ನನ್ನ ಎದೆ ಬಡಿತಕ್ಕೂ ಈಚಿನ ವರ್ಷಗಳಲ್ಲಿ ಏನೋ ಒಂದು ಗಾಢವಾದ ಬಾಂಧವ್ಯ ಬೆಳೆದುಬಿಟ್ಟಿದೆ. 'ನಿಮ್ಮ ಪಾರ್ಸೆಲ್ ಇಂದು ತಲುಪಲಿದೆ' ಎಂಬ ನಾಲ್ಕೇ ಪದಗಳ ಸಂದೇಶ ಬಂದ ದಿನ, ಭದ್ರಾವತಿಯ ನ್ಯೂ ಟೌನಿನ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುವ ಐವತ್ತಾರು ವರ್ಷದ ಈ ಗಂಭೀರ ಮನುಷ್ಯ, ಸಮಾಸಗಳನ್ನು ಬಿಡಿಸುತ್ತಲೇ ಮನಸ್ಸಿನಲ್ಲಿ ಪೊಟ್ಟಣ ಬಿಡಿಸುತ್ತಿರುತ್ತಾನೆ. ಅಂಗಿ ಬಂದ ಮೇಲಿನ ಸುಖ ಅರ್ಧ ದಿನದ್ದು. ಅಂಗಿ ಬರುತ್ತಿದೆ ಎಂಬ ಸುಖಕ್ಕೆ ಎಣೆಯೇ ಇಲ್ಲ. ನೀವೂ ಈ ರುಚಿ ಹತ್ತಿಸಿಕೊಂಡವರಾದರೆ ನನ್ನ ಮಾತು ನಿಮಗೆ ಅರ್ಥವಾಗುತ್ತದೆ, ಇಲ್ಲದಿದ್ದರೆ ಎರಡು ನಿಮಿಷ ಸಹಿಸಿಕೊಳ್ಳಿ.

ನನ್ನ ಈ ಚಾಪಲ್ಯಕ್ಕೆ ಚರಿತ್ರೆಯ ಹಿನ್ನೆಲೆಯಿದೆ. ನಾವು ನಾಲ್ವರು ಅಣ್ಣತಮ್ಮಂದಿರು. ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ ಅಪ್ಪ ಶಿವಮೊಗ್ಗದ ಗಾಂಧಿ ಬಜಾರಿನಿಂದ ಒಂದೇ ಥಾನು ಬಟ್ಟೆ ತಂದು ನಾಲ್ವರಿಗೂ ಅಂಗಿ ಹೊಲಿಸುತ್ತಿದ್ದರು. ಉಳಿದ ತುಂಡು ಕಿಟಕಿಯ ಪರದೆಯಾಗುತ್ತಿತ್ತು. ಲೆಕ್ಕದ ಮೇಷ್ಟರು ಮನೆಗೆ ಬಂದಾಗ ನಾನು ಕಿಟಕಿಯ ಪಕ್ಕ ಅಲುಗಾಡದೆ ನಿಂತು ಮಾಯವಾಗಲು ಯತ್ನಿಸಿದ್ದುಂಟು. ಹಾಗೆ ಪರದೆಯ ಸಹೋದರನಾಗಿ ಬೆಳೆದವನ ಅಂಗೈಗೆ ಸಾವಿರಾರು ಅಂಗಿಗಳು, ಒಂದಕ್ಕಿಂತ ಒಂದು ಅಗ್ಗವಾಗಿ, ಮೇಲಿಂದ ಕೆಳಗೆ ಸರಿಯುತ್ತಾ ಬಂದರೆ ತಲೆ ತಿರುಗದೆ ಇದ್ದೀತೆ? ಫೋಟೋದಲ್ಲಿರುವ ಯುವಕನ ಮೈಮೇಲೆ ಜಲಪಾತದಂತೆ ಇಳಿಯುವ ಜುಬ್ಬಾ ನನ್ನ ಮೈಮೇಲೆ ದಿಂಬಿನ ಕವರಿನಂತೆ ಕೂರುತ್ತದೆ, ನಿಜ. ಆದರೆ ಅದು ಜುಬ್ಬಾದ ದೋಷವಲ್ಲ ಎಂದು ನನ್ನ ಹೆಂಡತಿ ವಸುಧಾ ಪದೇ ಪದೇ ಸ್ಪಷ್ಟಪಡಿಸಿದ್ದಾಳೆ.

ಈ ಸಂಭ್ರಮಕ್ಕೆ ನಮ್ಮ ಮನೆಯಲ್ಲಿ ಇರುವ ಏಕೈಕ ಅಡ್ಡಿ ಎಂದರೆ ಅಮ್ಮನ ಅರಿಶಿನ. ಹೊಸ ಬಟ್ಟೆ ಯಾವುದೇ ಇರಲಿ, ರೇಷ್ಮೆ ಸೀರೆಯಿಂದ ಹಿಡಿದು ನನ್ನ ಬನಿಯನ್ನಿನವರೆಗೆ, ಅದರ ಮೂಲೆಗೊಂದು ಅರಿಶಿನದ ಬೊಟ್ಟಿಟ್ಟು ದೇವರ ಮುಂದಿರಿಸದೆ ಯಾರೂ ತೊಡುವಂತಿಲ್ಲ. ಎಂಬತ್ತಮೂರರ ವಯಸ್ಸಿನಲ್ಲಿ ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಆದರೆ ಪ್ಲಾಸ್ಟಿಕ್ ಪೊಟ್ಟಣ ಹರಿಯುವ ಸದ್ದು ಮಾತ್ರ ಹಿತ್ತಲಲ್ಲಿದ್ದರೂ ಕೇಳಿಸುತ್ತದೆ. "ತಾ ಇಲ್ಲಿ, ಬೊಟ್ಟಿಡ್ತೀನಿ" ಎಂದು ಬಟ್ಟಲು ಹಿಡಿದು ಬಂದರೆಂದರೆ ಮುಗಿಯಿತು. ಅರಿಶಿನ ಬಿದ್ದ ಅಂಗಿಯನ್ನು ಯಾವ ಕಂಪನಿಯೂ ವಾಪಸು ತೆಗೆದುಕೊಳ್ಳುವುದಿಲ್ಲ. ಬಿಗಿಯಾಗಲಿ, ಬಣ್ಣ ಕೆಡಲಿ, ಅದು ನಮ್ಮದೇ.

ಹೀಗಿರುವಾಗ ಶಂಕರಘಟ್ಟದಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬನ ಗೃಹಪ್ರವೇಶ ಬಂತು. ಅಲ್ಲಿಗೆ ವಿಶ್ವವಿದ್ಯಾಲಯದ ವಿದ್ವಾಂಸರೆಲ್ಲ ಬರುವವರು. ಅವರ ನಡುವೆ ವಿದ್ವತ್ತಿನಲ್ಲಿ ಹೊಳೆಯಲಾರದವನು ವಸ್ತ್ರದಲ್ಲಾದರೂ ಹೊಳೆಯಬೇಡವೇ? ಸಹೋದ್ಯೋಗಿಯೊಬ್ಬರು ಒಂದು ಉಪಾಯ ಹೇಳಿಕೊಟ್ಟಿದ್ದರು: ಜುಬ್ಬಾ ತರಿಸು, ಬೆಲೆಚೀಟಿ ಕೀಳಬೇಡ, ಒಂದು ದಿನ ತೊಡು, ಮರುದಿನ ವಾಪಸು ಮಾಡು. ನಾನು ನವಿಲುಬಣ್ಣದ ಜುಬ್ಬಾವೊಂದನ್ನು ಕಾಲೇಜಿನ ವಿಳಾಸಕ್ಕೇ ತರಿಸಿಕೊಂಡು, ಅಮ್ಮನ ಕಣ್ಣು ತಪ್ಪಿಸಿ, ಬೆಲೆಚೀಟಿಯನ್ನು ಕತ್ತಿನ ಹಿಂದೆ ಒಳಕ್ಕೆ ಮಡಚಿ ಹೊರಟೆ. ಆ ಚೀಟಿಯ ಮೂಲೆ ಬೆಳಗಿನಿಂದ ಊಟದವರೆಗೆ ನನ್ನ ಬೆನ್ನನ್ನು ಕೆರೆಯುತ್ತಲೇ ಇತ್ತು. ಜನ ನನ್ನ ನೆಟ್ಟನೆಯ ಭಂಗಿಯನ್ನು ಕಂಡು ಯೋಗಾಭ್ಯಾಸದ ಫಲವೆಂದು ತಿಳಿದರು. ಕೊನೆಗೆ ಪುರೋಹಿತರಿಗೆ ನಮಸ್ಕರಿಸಲು ಬಗ್ಗಿದಾಗ ಅದು ಕೊರಳಿನಿಂದ ಜಾರಿ ಅವರ ಪಾದದ ಮೇಲೆ ತೂಗಾಡಿತು. ಅವರು ಅಕ್ಷತೆ ಹಿಡಿದ ಕೈಯಲ್ಲೇ ಚೀಟಿಯನ್ನು ಎತ್ತಿ ಓದಿ, "ಪರವಾಗಿಲ್ಲ, ಅಗ್ಗವೇ ಸಿಕ್ಕಿದೆ ನಿಮಗೆ" ಎಂದು ಆಶೀರ್ವದಿಸಿದರು. ಹೊರಡುವಾಗ ಸಹಪಾಠಿ ತಾಂಬೂಲದ ಜೊತೆಗೆ ಒಂದು ಶರ್ಟ್ ಪೀಸನ್ನೂ ಕೊಟ್ಟ.

ಮರುದಿನ ಜುಬ್ಬಾ ವಾಪಸು ಹೊರಟಿತು. ಹಿಂದಿರುಗಿಸಲು ಕಾರಣವೇನೆಂದು ಫೋನು ಕೇಳಿತು. ಅಳತೆ ಎಂದರೆ ಬೇರೆ ಅಳತೆಯದನ್ನು ಕಳಿಸುತ್ತಾರೆ. ಮನಸ್ಸು ಬದಲಾಯಿತು ಎಂದರೆ ತಕರಾರು ಮಾಡುತ್ತಾರೆ. 'ಹೊಲಿಗೆ ಸರಿಯಿಲ್ಲ' ಎಂಬುದರ ಮೇಲೆ ಬೆರಳಿಟ್ಟೆ. ಪ್ರಶ್ನೆಯಿಲ್ಲ, ವಾದವಿಲ್ಲ. ಇಷ್ಟು ಸಲೀಸಾಗಿ ನಾನು ಜನ್ಮದಲ್ಲಿ ಯಾವ ಸುಳ್ಳನ್ನೂ ಹೇಳಿರಲಿಲ್ಲ.

ಈ ಪರಾಕ್ರಮವನ್ನು ಯಾರಿಗಾದರೂ ಹೇಳಿಕೊಳ್ಳದಿದ್ದರೆ ನನಗೆ ಅನ್ನ ಸೇರುವುದಿಲ್ಲ. ಶಿವಮೊಗ್ಗದ ಮನೆಯಿಂದ ಕಾಲೇಜಿಗೆ ಹೋಗುವ ಬೆಳಗಿನ ಭದ್ರಾವತಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ದಿನವೂ ಮಂಜುಳಾ ಕೂರುತ್ತಾಳೆ. ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿನಿ. ಈಗ ದಾರಿಯ ನಡುವಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ. ಅವಳ ಜೊತೆಗೆ ಕಾರ್ಖಾನೆಯ ಹತ್ತಿಪ್ಪತ್ತು ಹೆಣ್ಣುಮಕ್ಕಳು ಹತ್ತುತ್ತಾರೆ, ಅರ್ಧ ಬಸ್ಸು ಅವರದೇ. ಗೃಹಪ್ರವೇಶದ ಕಥೆಯನ್ನು ನಾನು ಅಭಿನಯಸಹಿತ ಹೇಳಿದೆ. ಪುರೋಹಿತರ ಮಾತಿಗೆ ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು:

"ವಾಪಸ್ ಮಾಡೋವಾಗ ಏನಂತ ಒತ್ತಿದ್ರಿ ಸಾರ್?"

"ಹೊಲಿಗೆ ಸರಿಯಿಲ್ಲ ಅಂತ."

"ಸರಿ ಇರ್ಲಿಲ್ವಾ?"

"ಚೆನ್ನಾಗೇ ಇತ್ತಮ್ಮ. ಸುಮ್ನೆ ಒತ್ತಿದೆ."

ಅವಳು ಕಿಟಕಿಯ ಕಡೆ ತಿರುಗಿದಳು. ಅವಳ ಸ್ಟಾಪು ಬಂದಾಗ ಹಿಂದಕ್ಕೆ ನೋಡದೆ ಇಳಿದುಹೋದಳು.

ಮರುದಿನ ತಾನೇ ಹಿಂದಕ್ಕೆ ತಿರುಗಿ ಹೇಳಿದಳು. "ನಿನ್ನೆ ಸುಮ್ನಾಗ್ಬಿಟ್ಟೆ, ಬೇಜಾರ್ ಮಾಡ್ಕೋಬೇಡಿ ಸಾರ್. ನಮ್ಮಲ್ಲಿ ಪೀಸ್ ವಾಪಸ್ ಬಂದ್ರೆ ತಪ್ಪಿರೋ ಜಾಗಕ್ಕೆ ಕೆಂಪು ಬಾಣದ ಸ್ಟಿಕ್ಕರ್ ಅಂಟ್ಸಿರ್ತಾರೆ. ಸೂಪರ್‌ವೈಸರ್ ಅದನ್ನ ಎತ್ತಿ ಹಿಡ್ಕೊಂಡು, ಯಾರ್ದಿದು ಅಂತ ಲೈನಿಗೆಲ್ಲ ಕೇಳೋ ಹಂಗೆ ಕೂಗ್ತಾರೆ. ತಪ್ಪು ಮಾಡಿದ್ರೆ ಬೈಸ್ಕೋಬಹುದು, ಬಿಚ್ಚಿ ಹೊಲೀಬಹುದು. ತಪ್ಪೇ ಇಲ್ದಿದ್ರೆ ಎಲ್ಲಿ ಅಂತ ಬಿಚ್ಚೋದು, ಹೇಳಿ?"

ಮೂವತ್ತು ವರ್ಷದಿಂದ ಪ್ರಶ್ನೆ ಕೇಳುವ ಕಸುಬು ನನ್ನದು. ಇಂಥದೊಂದು ಪ್ರಶ್ನೆಯನ್ನು ಯಾವ ಪ್ರಶ್ನೆಪತ್ರಿಕೆಯಲ್ಲೂ ಹಾಕಿದವನಲ್ಲ.

ಅವಳಿಗೆ ಅದು ಬರೀ ಮಾತಿನ ವಿಷಯವಾಗಿರಲಿಲ್ಲ. ಆರು ವರ್ಷದಿಂದ ಅವಳು ಹೊಲಿಯುತ್ತಿರುವುದು ಕಾಲರ್ ಮಾತ್ರ. ತೋಳು ಒಬ್ಬಳದು, ಜೇಬು ಇನ್ನೊಬ್ಬಳದು, ಗುಂಡಿ ಮತ್ತೊಬ್ಬಳದು. ಸಾವಿರಾರು ಅಂಗಿಗಳಿಗೆ ಕೊರಳು ಕೊಟ್ಟವಳು ಒಂದೇ ಒಂದು ಇಡೀ ಅಂಗಿಯನ್ನು ಹೊಲಿದವಳಲ್ಲ. ಕಾರ್ಖಾನೆಯಲ್ಲಿ ಸ್ಯಾಂಪಲ್ ವಿಭಾಗ ಅಂತೊಂದಿದೆಯಂತೆ. ಹೊಸ ಮಾದರಿಯ ಮೊದಲ ಅಂಗಿಯನ್ನು ಅಲ್ಲಿ ಒಬ್ಬರೇ ಪೂರ್ತಿ ಹೊಲಿಯುತ್ತಾರೆ. ಅಲ್ಲಿಗೆ ಸೇರಬೇಕೆಂಬುದೇ ಅವಳ ಆಸೆ. ಹೋದ ಸಲ ಹೆಸರು ಪಟ್ಟಿಯವರೆಗೆ ಹೋಗಿತ್ತು; ಅಷ್ಟರಲ್ಲಿ ಯಾವುದೋ ವಾಪಸು ಬಂದ ಪೀಸಿನ ಕಾಲರ್ ಮೇಲೆ ಬಾಣ ಕಂಡಿತು, ಹೆಸರು ಹೋಯಿತು. "ಅದು ನನ್ ಕೈ ಅಲ್ಲ ಸಾರ್. ನನ್ ಹೊಲಿಗೆ ನಂಗೆ ಗೊತ್ತಾಗಲ್ವಾ?" ಎಂದಳು. ಇನ್ನು ಎರಡು ವಾರಕ್ಕೆ ಮತ್ತೆ ಪರೀಕ್ಷೆ: ಎಲ್ಲರೆದುರು ಒಂದು ಅಂಗಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಲಿಯಬೇಕು.

ನನ್ನ ಜುಬ್ಬಾ ಅವಳ ಕಾರ್ಖಾನೆಯದಲ್ಲ, ಎಲ್ಲಿಯದೋ. ಎಲ್ಲಿಯದೋ ಆದರೂ ಅಲ್ಲೊಬ್ಬ ಮಂಜುಳಾ ಇರಲೇಬೇಕಲ್ಲ! ನನಗೆ ನಾಚಿಕೆಯಾಯಿತು. ಸುಳ್ಳನ್ನು ಹಿಂತೆಗೆದುಕೊಳ್ಳೋಣವೆಂದು ಬಸ್ಸಿನಲ್ಲೇ ಫೋನು ತೆಗೆದೆ. ಬಟ್ಟೆ ವಾಪಸು ಮಾಡಲು ಅಲ್ಲಿ ಹತ್ತು ದಾರಿಗಳಿವೆ, ಮಾತು ವಾಪಸು ಪಡೆಯಲು ಒಂದೂ ಇಲ್ಲ. ಸಹಾಯವಾಣಿಯ ಯಂತ್ರಕ್ಕೆ 'ಹೊಲಿಗೆಯಲ್ಲಿ ದೋಷವಿರಲಿಲ್ಲ, ದೋಷ ನನ್ನದು' ಎಂದು ಬರೆದೆ. 'ದೋಷಪೂರಿತ ವಸ್ತುವಿಗಾಗಿ ವಿಷಾದಿಸುತ್ತೇವೆ' ಎಂದು ಅದು ಉತ್ತರಿಸಿತು. ನಾನು ಸಿಟ್ಟಿನಿಂದ ಮೂರು ಸಲ ಬರೆದೆ. ಅದು ವಿನಯದಿಂದ ಮೂರು ಸಲ ವಿಷಾದಿಸಿತು.

ಆಗ ನನ್ನೊಳಗಿನ ಹರಿಶ್ಚಂದ್ರ ಮೈಕೊಡವಿ ಎದ್ದ. ಇನ್ನು ಮುಂದೆ ಆನ್‌ಲೈನಿನ ಅಗ್ಗದ ಬಟ್ಟೆಯನ್ನು ಮುಟ್ಟುವುದಿಲ್ಲ ಎಂದು ಅವಳೆದುರು ಭೀಷ್ಮಪ್ರತಿಜ್ಞೆ ಮಾಡಿದೆ. ಚಪ್ಪಾಳೆ ನಿರೀಕ್ಷಿಸಿದ್ದೆ. ಅವಳು ಗಾಬರಿಯಾದಳು.

"ಅಯ್ಯೋ, ಹಂಗೆಲ್ಲ ಬಿಡ್ಬೇಡಿ ಸಾರ್! ನೀವೆಲ್ಲ ಬಿಟ್ರೆ ನಾವು ಯಾರಿಗೆ ಹೊಲಿಯೋದು? ಇಗೋ, ನಾನ್ ಹಾಕ್ಕೊಂಡಿರೋ ಚೂಡಿದಾರನೂ ಆನ್‌ಲೈನ್‌ದೇ. ಅಂಗಡೀಲಿ ಈ ಬೆಲೆಗೆ ನಂಗ್ಯಾರ್ ಕೊಡ್ತಾರೆ? ಹತ್ತು ತರ್ಸೋ ಕಡೆ ಎರಡು ತರ್ಸಿ, ಹರಿಯೋವರ್ಗೂ ಹಾಕ್ಕೊಳ್ಳಿ. ಸುಳ್ಳು ಮಾತ್ರ ಒತ್ಬೇಡಿ, ಅಷ್ಟೆ."

ಈ ವಿಷಯದಲ್ಲಿ ನಾನು ಗಂಟೆಗಟ್ಟಲೆ ಉಪನ್ಯಾಸ ಕೊಡಬಲ್ಲೆ. ಅಗ್ಗದ ಬಟ್ಟೆ ಯಾರ ಬೆವರಿನಿಂದ ಅಗ್ಗವಾಯಿತು, ಎಸೆದ ಅಂಗಿಗಳು ಯಾವ ಹಳ್ಳಕೊಳ್ಳ ತುಂಬುತ್ತವೆ ಎಂದೆಲ್ಲ. ಒಂದೂ ಸುಳ್ಳಲ್ಲ. ಆದರೆ ಅಗ್ಗದ ಬಟ್ಟೆಯಿಂದಲೇ ಹಬ್ಬದ ದಿನ ಹೊಸದು ತೊಡುವವರ ಎದುರು, ಬೀರುವಿನ ಬಾಗಿಲು ಹಾಕಲಾಗದಷ್ಟು ಅಂಗಿ ತುಂಬಿಕೊಂಡ ನಾನು ನಿಂತು ಉಪದೇಶ ಮಾಡಿದರೆ ಅದು ಉಂಡವನು ಉಪವಾಸ ಹೇಳಿಕೊಟ್ಟ ಹಾಗೆ. ಬಾಯಿ ಮುಚ್ಚಿಕೊಂಡೆ. ನನಗೆ ಅದು ಅಪರೂಪದ ಸಾಧನೆ.

ಬಾಯಿ ಮುಚ್ಚಿದಾಗ ಬುದ್ಧಿ ಓಡುತ್ತದೆಂದು ಅಂದು ತಿಳಿಯಿತು. ಶಂಕರಘಟ್ಟದ ಶರ್ಟ್ ಪೀಸ್! ನಮ್ಮ ಕಡೆ ಶುಭಕಾರ್ಯದಲ್ಲಿ ಕೊಡುವ ಶರ್ಟ್ ಪೀಸುಗಳು ಹೊಲಿಗೆಯ ಸುಖವನ್ನೇ ಕಾಣದೆ, ಈ ಮನೆಯ ನಾಮಕರಣದಿಂದ ಆ ಮನೆಯ ಷಷ್ಟ್ಯಬ್ದಿಗೆ ಅಲೆಯುತ್ತಿರುತ್ತವೆ. ಅದೂ ಮುಂದಿನ ಮದುವೆಗೆ ಹೊರಡಲು ಸಿದ್ಧವಾಗಿ ಕೂತಿತ್ತು. "ಪರೀಕ್ಷೆಗೆ ಮುಂಚೆ ಒಂದ್ಸಲ ಇಡೀ ಅಂಗಿ ಹೊಲಿದು ನೋಡು. ಬಟ್ಟೆ ನಂದು, ಹೊಟ್ಟೆನೂ ನಂದು. ಕೆಟ್ಟರೂ ಚಿಂತೆಯಿಲ್ಲ" ಎಂದೆ. ಮಂಜುಳಾಳ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು. ಹೊಲಿಗೆ ಕೂಲಿಯನ್ನು ನ್ಯೂ ಟೌನಿನ ದರದಲ್ಲೇ ಕೊಡುತ್ತೇನೆಂಬ ಷರತ್ತನ್ನು ಒಪ್ಪಿಸಲು ಮಾತ್ರ ಎರಡು ದಿನ ಬೇಕಾಯಿತು.

"ಅಳತೆಗೆ ನಿಮ್ದೊಂದು ಹಳೇ ಅಂಗಿ ಕೊಡಿ ಸಾರ್" ಎಂದಳು. ನ್ಯೂ ಟೌನಿನಲ್ಲಿ ನನಗೆ ಅಂಗಿ ಹೊಲಿಯುತ್ತಿದ್ದವರು ಅಂಗಡಿ ಮುಚ್ಚಿ ವರ್ಷಗಳಾಗಿದ್ದವು. ಅವರು ಹೊಲಿದ ಕೊನೆಯ ಅಂಗಿ, ಕಾಲರ್ ಸವೆದರೂ ಎಸೆಯಲಾಗದೆ ಉಳಿದದ್ದು, ಬೀರುವಿನ ತಳದಲ್ಲಿತ್ತು. ಅದನ್ನೇ ಕೊಟ್ಟೆ.

ಆಮೇಲಿನ ಹತ್ತು ದಿನ ನಾನು ಅನುಭವಿಸಿದ ಕಾತರಕ್ಕೆ ಯಾವ ಪಾರ್ಸೆಲ್ಲೂ ಸಾಟಿಯಲ್ಲ. ಎಲ್ಲಿಗೆ ಬಂತು ಎಂದು ಫೋನು ಹೇಳುವಂತಿಲ್ಲ. ಬಸ್ಸು ಹತ್ತಿ ಅವಳ ಮುಖ ನೋಡಬೇಕು. "ತೋಳು ಕೂರ್ಸಿದೆ ಸಾರ್." "ಜೇಬು ಆಯ್ತು ಸಾರ್." "ತೋಳು ಬಿಚ್ಚಿದೆ ಸಾರ್." ಒಂದು ಸೋಮವಾರ ಬೆಳಿಗ್ಗೆ ದಿನಪತ್ರಿಕೆಯಲ್ಲಿ ಸುತ್ತಿದ ಕಟ್ಟು ನನ್ನ ಮಡಿಲಿಗೆ ಬಿತ್ತು. ಸಂಜೆ ಮನೆಗೆ ಹೋದವನೇ ಮೊದಲ ಬಾರಿಗೆ ನಾನಾಗಿಯೇ ಅಮ್ಮನ ಮುಂದೆ ಹಿಡಿದೆ. ಅಮ್ಮ ಅಂಗಿಯನ್ನು ತಿರುವಿ ನೋಡಿ, "ಯಾರೋ ಹೊಲಿದಿದ್ದು ಕಣೋ ಇದು" ಎಂದರು. ಎಲ್ಲ ಅಂಗಿಯನ್ನೂ ಯಾರೋ ಹೊಲಿದಿರುತ್ತಾರೆ ಎಂದು ಹೇಳಹೊರಟವನು ಅರಿಶಿನದ ಬಟ್ಟಲನ್ನು ಅವರತ್ತ ಸರಿಸಿದೆ. ಅಮ್ಮ ಕಾಲರಿನ ಒಳಗಡೆ ಅರಿಶಿನದ ಬೊಟ್ಟಿಟ್ಟರು.

ಮಂಗಳವಾರ ಪರೀಕ್ಷೆ. ಹೊಸ ಅಂಗಿ ತೊಟ್ಟು ಬಸ್ಸು ಹತ್ತಿದೆ. ಕಾರ್ಖಾನೆಯ ಅಷ್ಟೂ ಹೆಣ್ಣುಮಕ್ಕಳು ನನ್ನ ಮೇಲೆ ಮುಗಿಬಿದ್ದರು. ಒಬ್ಬಳು ಭುಜ ಎಳೆದಳು, ಒಬ್ಬಳು ಗುಂಡಿ ತಿರುವಿದಳು, ಮೂರನೆಯವಳು ನನ್ನ ತಲೆಯನ್ನು ಮುಂದಕ್ಕೆ ಬಗ್ಗಿಸಿ ಕಾಲರ್ ಎತ್ತಿ ನೋಡಿದಳು. ಕಂಡಕ್ಟರು ಟಿಕೆಟು ಮರೆತು ನಿಂತ. ಮದುವೆಯ ದಿನವೂ ನನ್ನನ್ನು ಯಾರೂ ಇಷ್ಟು ಗಮನವಿಟ್ಟು ನೋಡಿರಲಿಲ್ಲ. "ಸೂಪರ್ ಕಣೇ" ಎಂದು ಎಲ್ಲರೂ ತೀರ್ಪು ಕೊಟ್ಟರು. ಮಂಜುಳಾ ಮಾತ್ರ ನನ್ನ ಎಡಗೈ ಹಿಡಿದು, ಹುಬ್ಬು ಗಂಟಿಕ್ಕಿ, ಚೀಲದಿಂದ ಕೆಂಪು ಬಾಣದ ಸ್ಟಿಕ್ಕರ್ ತೆಗೆದು ನನ್ನ ತೋಳಿನ ಪಟ್ಟಿಗೆ ಅಂಟಿಸಿದಳು.

"ಇಲ್ಲಿ ಒಂದು ನೂಲು ಓರೆ ಹೋಗಿದೆ ಸಾರ್. ವಾಪಸ್ ಕೊಡಿ, ಸರಿ ಮಾಡ್ಕೊಡ್ತೀನಿ."

"ಆಗಲ್ಲ ಮಾರಾಯ್ತಿ. ಅಮ್ಮ ಅರಿಶಿನ ಹಚ್ಚಾಗಿದೆ. ಇನ್ನು ವಾಪಸಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ತನ್ನ ಸ್ಟಾಪಿನಲ್ಲಿ ಇಳಿದುಹೋದಳು.

ಅಂದು ಕಾಲೇಜಿನಲ್ಲಿ ಕೆಂಪು ಬಾಣವನ್ನು ಹಾಗೇ ಬಿಟ್ಟುಕೊಂಡು ನಾಲ್ಕು ತರಗತಿ ಮಾಡಿದೆ. ಇನ್ನೊಂದು ಸಂಗತಿ: ಅಳತೆಗೆ ಕೊಟ್ಟ ಅಂಗಿ ಸಣ್ಣ ಫೋನುಗಳ ಕಾಲದ್ದು, ಮಂಜುಳಾ ಜೇಬನ್ನೂ ಅದೇ ಅಳತೆಗೆ ಹೊಲಿದಿದ್ದಳು. ಈಗಿನ ಫೋನು ಅದರಲ್ಲಿ ಹಿಡಿಸಲೊಲ್ಲದೆ ದಿನವಿಡೀ ಚೀಲದ ತಳದಲ್ಲಿ ಬಿದ್ದಿತ್ತು. ಸಂಜೆ ಹಿಂದಿರುಗುವಾಗ ಅದು ಎಷ್ಟು ಸಲ 'ಟಿಂಗ್' ಎಂದಿತೋ, ಏನೇನು ಬರಲಿದೆ ಎಂದಿತೋ, ನನಗೆ ಗೊತ್ತಿಲ್ಲ. ಕಾರ್ಖಾನೆಯ ಸ್ಟಾಪು ಹತ್ತಿರವಾಗುತ್ತಿತ್ತು, ನನ್ನ ಎದೆ ಡವಗುಟ್ಟುತ್ತಿತ್ತು, ನಾನು ಕಿಟಕಿಯಿಂದ ಅರ್ಧ ಹೊರಗಿದ್ದೆ. ಬಸ್ಸು ನಿಲ್ಲುವ ಮೊದಲೇ ಗುಂಪಿನ ನಡುವಿನಿಂದ ಎರಡೂ ಕೈ ಮೇಲೆತ್ತಿ ಮಂಜುಳಾ ಓಡಿ ಬರುತ್ತಿದ್ದಳು.

"ಸಾರ್, ಇಡೀ ಅಂಗಿ!" ಎಂದು ಕೂಗುತ್ತಿದ್ದಳು. "ಇನ್ಮೇಲೆ ಇಡೀ ಅಂಗಿ!"